ಮುರಿದ ಹಲಗೆಯ ಮಟ್ಟು

ಮೂರನೆಯ ಸಲವೂ ಪಿಟೀಲು ಅಲ್ಲೇ ನಿಂತಿತು.

ಜಾಹ್ನವಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ನೈರೋಬಿಯ ಮಟಾಟು ವ್ಯಾನಿನ ಗದ್ದಲದಲ್ಲೂ ಅದು ಸ್ಪಷ್ಟವಾಗಿತ್ತು. ಮಟ್ಟು ಮೇಲಿನ ಸ್ವರಗಳಿಗೆ ಏರುತ್ತದೆ, ಕಿರುಚುತ್ತದೆ, ತಟ್ಟನೆ ನಿಲ್ಲುತ್ತದೆ. ಎರಡು ತಾಳದಷ್ಟು ಹೊತ್ತು ಏನೂ ಇಲ್ಲ. ಕಾಲಿನ ತಾಳವೂ ಇಲ್ಲ. ಆಮೇಲೆ ಏನೂ ಆಗದವನಂತೆ ಅವಳ ಗಂಡ ಮಧುಕರ ಮೆಲ್ಲಗೆ ಮುಂದುವರಿಸುತ್ತಾನೆ.

ಅವನು ಹೋಗಿ ಐದು ತಿಂಗಳಾಗಿತ್ತು. ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆಯಲ್ಲಿ, ಮಧ್ಯಾಹ್ನದ ಚಹಾದ ಹೊತ್ತಿಗೆ, ಮೂವತ್ತಾರನೆಯ ವಯಸ್ಸಿನಲ್ಲಿ. ಹೃದಯಾಘಾತ ಎಂದರು. ಡಾಕ್ಟರು ಅವಳನ್ನು ಒಂದೇ ಪ್ರಶ್ನೆ ಕೇಳಿದ್ದರು: ಏನಾದರೂ ಮಾಡುತ್ತಿರುವಾಗ ಸುಮ್ಮನೆ ನಿಂತುಬಿಡುತ್ತಿದ್ದರಾ, ಎರಡು ಕ್ಷಣ, ನೋವು ತಡೆದುಕೊಳ್ಳುವವರ ಹಾಗೆ?

ಇಲ್ಲ ಎಂದಿದ್ದಳು. ಹೋದ ವಾರ ಅವನ ಫೋನಿನಲ್ಲಿ ಈ ರೆಕಾರ್ಡಿಂಗ್ ಸಿಕ್ಕಿತು. ಲೊರೆಶೋ ಬಡಾವಣೆಯಲ್ಲಿರುವ ಅವನ ಪಿಟೀಲು ಟೀಚರ್ ಮನೆಯಲ್ಲಿ ಮಾಡಿಕೊಂಡದ್ದು. ಅಂದಿನಿಂದ, ಆ 'ಇಲ್ಲ' ತಪ್ಪಿತ್ತೇನೋ ಎಂದು ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾಳೆ.

ಮನೆಯಲ್ಲಿ ಆ ಮೌನವನ್ನು ಕೇಳಿದ ನೆನಪೇ ಅವಳಿಗಿರಲಿಲ್ಲ. ಎರಡು ವರ್ಷ, ದಿನಾ ಸಂಜೆ, ಅಡುಗೆಮನೆಯ ಗೋಡೆಯಾಚೆ ಅದೇ ಮಟ್ಟು. ಈಚೆ ಅವಳು ಚಪಾತಿ ಲಟ್ಟಿಸುತ್ತಿದ್ದಳು. ಒಲೆಯ ಮೇಲೆ ಸಾರು, ಮೇಜಿನ ಮೇಲೆ ತಿದ್ದದೆ ಉಳಿದ ಕಾಲೇಜಿನ ಉತ್ತರಪತ್ರಿಕೆಗಳು. ನಿಜ ಹೇಳಬೇಕೆಂದರೆ ಆ ಮಟ್ಟನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಕಿವಿಗೊಟ್ಟು ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲಿಲ್ಲ.

ಸೌತ್ ಸಿ ಬಡಾವಣೆಯ ಆ ಮನೆಯನ್ನು ತಿಂಗಳ ಕೊನೆಗೆ ಬಿಡಬೇಕು. ನಿನ್ನೆ ಬಣ್ಣ ಬಳಿಯಲು ಬಂದ ವಿನ್ಸೆಂಟ್ ಅಡುಗೆಮನೆಯ ಗೋಡೆಯಲ್ಲಿದ್ದ ಗುಳಿಗಳನ್ನು ಬೆರಳಿನಿಂದ ಮುಟ್ಟಿ, "ಇಲ್ಲೇನು ಮೊಳೆ ಹೊಡೆದಿದ್ದಿರಾ ಮೇಡಂ?" ಎಂದು ಕೇಳಿದ್ದ. "ಮೊಳೆ ಅಲ್ಲ. ಮುಚ್ಚಿಬಿಡು," ಎಂದಿದ್ದಳು. "ಸವಾ, ಸರಿ," ಎಂದು ಅವನು ಮುಚ್ಚಿ, ಮೇಲೆ ಬಿಳಿ ಬಣ್ಣ ಹೊಡೆದ. ಕಪಾಟು ಖಾಲಿ ಮಾಡುವಾಗ ಪಿಟೀಲು ಕೈಗೆ ಬಂತು. ಅದು ಟೀಚರ್ ಅವರದ್ದು. ಹಿಂದಿರುಗಿಸಬೇಕು, ಆ ನೆಪದಲ್ಲಿ ಆ ಮೌನದ ಬಗ್ಗೆ ಕೇಳಲೂಬೇಕು.

ಗೇಟು ತೆರೆಯಲು ಸೆಲಿನ್ ಟೀಚರ್ ತಾವೇ ಬಂದರು. ಎಪ್ಪತ್ತು ದಾಟಿದ ಮಂಗಳೂರಿನವರು, ನಲವತ್ತು ವರ್ಷ ನೈರೋಬಿಯ ಮಕ್ಕಳಿಗೆ ಸಂಗೀತ ಕಲಿಸಿದವರು. ಮಧುಕರ ಪ್ರತಿ ಶನಿವಾರ ಬರುತ್ತಿದ್ದ. ಜಾಹ್ನವಿ ಒಮ್ಮೆಯೂ ಬಂದಿರಲಿಲ್ಲ.

"ಅಂತೂ ಬಂದೆಯಲ್ಲ ಮಾರಾಯ್ತಿ. ಪಿಟೀಲು ವಾಪಸ್ ಕೊಡ್ಲಿಕ್ಕಾ? ನನಗೆಂತಕ್ಕೆ ಅದು? ನೀನೇ ಇಟ್ಕೊ."

"ನಂಗೆ ನುಡಿಸೋಕೆ ಬರಲ್ಲ ಟೀಚರ್."

"ಅವನಿಗೆ ಬರ್ತಿತ್ತಾ? ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿದ ಹಾಗೆ ಬಾರಿಸ್ತಿದ್ದ."

ನಗು ಬರಬೇಕಾದ ಜಾಗದಲ್ಲಿ ಜಾಹ್ನವಿಗೆ ಏನೂ ಬರಲಿಲ್ಲ. ಕುಳಿತವಳೇ ಫೋನನ್ನು ಮೇಜಿನ ಮೇಲಿಟ್ಟು ರೆಕಾರ್ಡಿಂಗ್ ಹಾಕಿದಳು. ಮಟ್ಟು ಏರಿತು, ಕಿರುಚಿತು, ನಿಂತಿತು.

"ಇಲ್ಲಿ. ಇಲ್ಲಿ ಯಾಕೆ ನಿಲ್ಲಿಸ್ತಾರೆ?"

ಟೀಚರ್ ಅವಳನ್ನೇ ನೋಡಿದರು. "ಅದು ಹೇಳ್ಬೇಕಾದ್ರೆ ಮಟ್ಟಿನ ಕಥೆ ಹೇಳ್ಬೇಕು."

ಗಂಡ ಸತ್ತವಳ ಮುಂದೆ ಎಲ್ಲರೂ ಹೀಗೇ ಸುತ್ತುಬಳಸಿ ಮಾತಾಡುತ್ತಾರೆ. ಜಾಹ್ನವಿ ಕಾದಳು.

"ಕೆನಡಾದಲ್ಲಿ ಫ್ರೆಂಚ್ ಮಾತಾಡುವ ಹಳ್ಳಿಗಳುಂಟು. ನಮ್ಮ ಶಾಲೆಯಲ್ಲಿ ಸಿಸ್ಟರ್ ತೆರೇಸ್ ಅಂತ ಇದ್ರು, ಆ ಕಡೆಯವರು. ಇದು ಅವರ ಮುತ್ತಜ್ಜನ ಮಟ್ಟು. ಚಳಿಗಾಲದಲ್ಲಿ ಅಡುಗೆಮನೆಯಲ್ಲೇ ಕುಣಿತ. ಮುತ್ತಜ್ಜ ಕುರ್ಚಿಯಲ್ಲಿ ಕೂತು, ಎರಡೂ ಕಾಲಲ್ಲಿ ನೆಲಕ್ಕೆ ತಾಳ ಹಾಕ್ತಾ ಪಿಟೀಲು ಬಾರಿಸುವುದು. ಆ ನೆಲದಲ್ಲಿ ಒಂದು ಹಲಗೆ ಮುರಿದಿತ್ತು. ಕುಣಿಯುವವರು ಅದನ್ನು ಹಾರಿ ದಾಟ್ಬೇಕು. ಹಾರ್ಲಿಕ್ಕೆ ಒಂದು ತಾಳ ಹೆಚ್ಚು ಬೇಕಲ್ಲ? ಮುತ್ತಜ್ಜ ಕೊಟ್ಟ. ಆಮೇಲೆ ಹಲಗೆ ರಿಪೇರಿ ಆಯ್ತು. ಒಂದು ದಿನ ಮನೆಯೇ ಸುಟ್ಟುಹೋಯ್ತು. ಆ ತಾಳ ಮಾತ್ರ ಉಳೀತು. ಲೆಕ್ಕಕ್ಕೆ ಅದು ತಪ್ಪೇ. ಆದ್ರೆ ತಿದ್ದಬಾರ್ದು ಅಂತಿದ್ರು ಸಿಸ್ಟರ್. ಯಾರಿಂದ ಕಲಿತೆಯೋ ಅವರ ಮನೆ ಸಮೇತ ಕಲೀಬೇಕು."

"ಅದು ಮೊದಲನೇ ಭಾಗದಲ್ಲಿ. ನಾನು ಕೇಳ್ತಿರೋದು ಎರಡನೇ ಭಾಗದ್ದು. ಇದೂ ಅಲ್ಲಿಂದಾನೇ ಬಂದಿದ್ದಾ?"

"ಇಲ್ಲ."

"ನೀವು ಹೇಳಿಕೊಟ್ಟಿದ್ದಾ?"

"ಅಲ್ಲ. ಸಿಸ್ಟರ್ ಬಾರಿಸುವಾಗ ಇದು ಇರ್ಲಿಲ್ಲ. ನನ್ನದರಲ್ಲೂ ಇರ್ಲಿಲ್ಲ. ಇದು ಮಧುಕರನೇ ತಂದದ್ದು."

ಜಾಹ್ನವಿ ರೆಕಾರ್ಡಿಂಗ್ ನಿಲ್ಲಿಸಿದಳು. ಇಷ್ಟು ದೂರ ಬಂದದ್ದು ಈ ಮಾತು ಕೇಳುವುದಕ್ಕೇ. ಆದರೂ ಕೇಳಬಾರದಿತ್ತು ಅನ್ನಿಸಿತು.

"ಹಾಗಾದ್ರೆ ನಿಮಗೆ ಗೊತ್ತಿತ್ತು. ನೋವಿತ್ತು ಅಂತ ನಿಮಗೆ ಹೇಳಿದ್ರು. ನಂಗೆ ಹೇಳ್ಲಿಲ್ಲ."

"ಎಂತ ನೋವು?"

"ಎದೆನೋವು, ಟೀಚರ್! ಅದಕ್ಕೇ ಅಲ್ವಾ ನಿಲ್ಲಿಸ್ತಿದ್ದಿದ್ದು? ದಿನಾ ಗೋಡೆ ಪಕ್ಕದಲ್ಲೇ ಇದ್ದೆ. ನಂಗೆ ಗೊತ್ತೇ ಆಗ್ಲಿಲ್ಲ."

ಟೀಚರ್ ಪೆಟ್ಟಿಗೆ ತೆರೆದು ಮಧುಕರನ ಪಿಟೀಲನ್ನು ಎತ್ತಿಕೊಂಡರು. ತಂತಿಗಳನ್ನು ಶ್ರುತಿ ಮಾಡಿದರು. ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡು ಕುಳಿತು, ಹಳೆಯ ಚಪ್ಪಲಿಯ ಕಾಲುಗಳಲ್ಲಿ ತಾಳ ಹಾಕುತ್ತಾ ನುಡಿಸತೊಡಗಿದರು. ಮುರಿದ ಹಲಗೆ ಬಂತು, ದಾಟಿತು. ಮಟ್ಟು ಮೇಲಕ್ಕೇರಿ ಕಿರುಚಿತು. ಕಮಾನು ನಿಂತಿತು. ಕಾಲು ನಿಂತಿತು.

ಆ ಮೌನದೊಳಗೆ ಟೀಚರ್ ಬೆರಳಿನ ಗೆಣ್ಣಿನಿಂದ ಗೋಡೆಗೆ ಎರಡು ಸಲ ಬಡಿದರು. ಟಕ್, ಟಕ್.

"ಈಗ ನನ್ನ ಹತ್ತಿರ ಕಲಿಯುವ ಮಕ್ಕಳೆಲ್ಲ ಹೀಗೇ ಬಾರಿಸುವುದು," ಎಂದರು. "ಇಲ್ಲಿ ಎಂತಕ್ಕೆ ನಿಲ್ಲಿಸ್ತೀ ಅಂತ ನಾನೂ ಅವನನ್ನು ಕೇಳಿದ್ದೆ. 'ಇಲ್ಲಿಗೆ ಬಂದಾಗ ಜಾಹ್ನವಿ ಅಡುಗೆಮನೆಯಿಂದ ಲಟ್ಟಣಿಗೆ ತಗೊಂಡು ಗೋಡೆಗೆ ಎರಡು ಬಡೀತಾಳೆ ಟೀಚರ್, ಅವಳು ಬಡಿಯೋವರೆಗೂ ಕಾಯ್ಬೇಕು' ಅಂದ."