ಕೊನೆಯ ಕುರ್ಚಿಗೆ ಬಂದ ಪಿಟೀಲು

ಅತಿಥಿಯ ಕೋಣೆಯಿಂದ ಹೊರಗೆ ಬಂದ ಕ್ಲೆಮ್ ಸದ್ದಾಗದಂತೆ ಬಾಗಿಲೆಳೆದುಕೊಂಡ. ತಿರುಗಿದರೆ ಎದುರಿಗೇ ಹಿಲ್ಡಾ, ಕೈಯಲ್ಲಿ ಚಹಾದ ಕಪ್ಪು.

"ಒಳಗೆ ಏನ್ ಕೆಲಸ ನಿಂಗೆ?"

"ಅವರು ಕೇಳಿದ್ದನ್ನ ಇಟ್ಟು ಬಂದೆ."

"ಏನ್ ಕೇಳಿದ್ರು?"

"ಎಲ್ಲಾ ನಿಂಗೆ ವರದಿ ಒಪ್ಪಿಸ್ಬೇಕಾ ಮಾರಾಯ್ತಿ? ಚಹಾ ಆರ್ತಿದೆ ನೋಡು."

ಹೋಗಿಬಿಟ್ಟ. ಕಿಟಕಿಯಾಚೆ ಅಂಗಳದಲ್ಲಿ ಅತಿಥಿ ವೆರೆಶ್ ಒಬ್ಬನೇ ನಿಂತು ಸಿಗರೇಟು ಸೇದುತ್ತಿದ್ದ. ಅಂದರೆ ಕೋಣೆಯಲ್ಲಿ ಇದ್ದದ್ದು ಪಿಟೀಲು ಮಾತ್ರ. ಅದು ವೆರೆಶ್‌ನದಲ್ಲ, ಒಂದು ಬ್ಯಾಂಕಿನದು. ಇನ್ನೂರು ವರ್ಷ ಹಳೆಯದು. ನುಡಿಸಲು ಅವನಿಗೆ ಕೊಟ್ಟಿದ್ದರು. ಅದಿರುವ ಕೋಣೆಗೆ ಬೇರೆ ಯಾರೂ ಕಾಲಿಡಕೂಡದೆಂದು ಬ್ಯಾಂಕಿನವರು ಆರು ಪುಟದ ಪತ್ರ ಕಳಿಸಿದ್ದರು. ಹಿಲ್ಡಾ ಎರಡು ಪುಟ ಓದುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಚಹಾವನ್ನು ಬಾಗಿಲ ಪಕ್ಕದ ಕುರ್ಚಿಯ ಮೇಲಿಟ್ಟು ನಡೆದಳು.

ಹೆಬ್‌ಶಾ ಊರಿನ ವಾದ್ಯವೃಂದಕ್ಕೆ ಅವಳು ಇಪ್ಪತ್ತೆರಡು ವರ್ಷದಿಂದ ಕಾರ್ಯದರ್ಶಿ, ಜೊತೆಗೆ ಪಿಟೀಲಿನ ಸಾಲಿನಲ್ಲಿ ಕಟ್ಟಕಡೆಯ ಕುರ್ಚಿ. ಅಂಚೆಯವನು, ಹಲ್ಲಿನ ಡಾಕ್ಟರು, ಇಬ್ಬರು ಭೂಗೋಳದ ಮೇಷ್ಟ್ರು, ಇಂಥವರನ್ನೆಲ್ಲ ಪ್ರತಿ ಮಂಗಳವಾರ ಒಂದೆಡೆ ಸೇರಿಸುವುದೆಂದರೆ ಹೆಣಗಾಟ. ಈ ಸಲ ಜನ ಬರಲೆಂದು ಮೂವರು ಹೆಸರಾಂತ ಅತಿಥಿಗಳನ್ನು ಕರೆಸಿದ್ದರು. ಅಕ್ಟೋಬರಿನ ಪಿಯಾನೊದವನಿಗೆ ಜ್ವರ. ಜನವರಿಯ ತುತ್ತೂರಿಯವಳು ಹಿಮ ಕಂಡು ಅರ್ಧ ದಾರಿಯಿಂದಲೇ ರೈಲು ಹತ್ತಿ ವಾಪಸಾದಳು. ಉಳಿದವನು ವೆರೆಶ್. ಈ ಭಾನುವಾರವೂ ಎಡವಟ್ಟಾದರೆ ವೃಂದವನ್ನೇ ಮುಚ್ಚುವುದೆಂದು ಅಧ್ಯಕ್ಷೆ ಮಿಸೆಸ್ ಆಗ್ಡನ್ ಹೇಳಿಯಾಗಿತ್ತು. ಹಿಲ್ಡಾಗೆ ಸಾಕುಸಾಕಾಗಿತ್ತು. ಆದರೂ ಮಂಗಳವಾರವಿಲ್ಲದ ವಾರವನ್ನು ನೆನೆಯಲೂ ಆಗುತ್ತಿರಲಿಲ್ಲ.

ಕ್ಲೆಮ್‌ಗೆ ಈ ಅತಿಥಿಗಳೇ ಬೇಕಿರಲಿಲ್ಲ. ನಿವೃತ್ತ ಬಸ್ ಮೆಕ್ಯಾನಿಕ್, ವೃಂದದ ಮೊದಲ ಪಿಟೀಲು. ಹೋದ ವರ್ಷದವರೆಗೂ ಒಂಟಿಯಾಗಿ ನುಡಿಸುವ ಗೌರವ ಅವನದೇ. ಸಾಲದ್ದಕ್ಕೆ ಬೆಳಗಿನ ಅಭ್ಯಾಸದಲ್ಲಿ ವೆರೆಶ್ ಅವನ ಪಿಟೀಲು ಇಸಿದುಕೊಂಡು ನಾಲ್ಕು ಸಾಲು ನುಡಿಸಿ, ಏನೋ ಕೇಳಿದ. ಕ್ಲೆಮ್ ಏನೋ ಅಂದ. ವೆರೆಶ್ ನಕ್ಕುಬಿಟ್ಟ. ಕ್ಲೆಮ್‌ನ ಮುಖ ಕೆಂಪಾಯಿತು. ಅದು ಕ್ಲೆಮ್ ತನ್ನ ಹಿತ್ತಲ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷ ಕೂತು ತಾನೇ ಮಾಡಿದ ಪಿಟೀಲು. ಕೊನೆಯ ಕುರ್ಚಿಗೆ ಮಾತು ಕೇಳಿಸಲಿಲ್ಲ, ಅವಮಾನ ಕಾಣಿಸಿತು.

ಮೂರು ಗಂಟೆಗೆ ಸಭಾಂಗಣ ಮುಕ್ಕಾಲು ತುಂಬಿತ್ತು. ವೆರೆಶ್ ಆಯಾಸದ ಮುಖ ಹೊತ್ತು ಬಂದು ನುಡಿಸತೊಡಗಿದ. ತಪ್ಪಿಲ್ಲ, ಜೀವವೂ ಇಲ್ಲ. ಮೊದಲ ಭಾಗ ಮುಗಿಯಲು ಸ್ವಲ್ಪ ಇರುವಾಗ, ಒತ್ತುವ ಅಗತ್ಯವೇ ಇಲ್ಲದ ಕಡೆ ಕಮಾನನ್ನು ಒತ್ತಿದ. ಟಣ್ ಎಂದು ತಂತಿ ಹರಿಯಿತು.

ಇಂಥ ಹೊತ್ತಿಗೆ ನಡೆಯುವುದು ಎಲ್ಲ ವೃಂದಗಳಲ್ಲೂ ಒಂದೇ. ಮೊದಲ ಪಿಟೀಲಿನವನು ತನ್ನದನ್ನು ಅತಿಥಿಗೆ ಕೊಡುತ್ತಾನೆ. ತಂತಿ ಹರಿದ ಪಿಟೀಲು ಕೈಯಿಂದ ಕೈಗೆ ಹಿಂದಕ್ಕೆ ದಾಟುತ್ತದೆ. ಕೊನೆಯ ಕುರ್ಚಿಯವರು ಎದ್ದುಹೋಗಿ ತಂತಿ ಕಟ್ಟಬೇಕು. ಸದ್ದು ಅಡಗುವ ಮೊದಲೇ ವೆರೆಶ್‌ನ ಕೈ ಕ್ಲೆಮ್‌ನ ಮುಂದೆ ಚಾಚಿತ್ತು. ಕ್ಲೆಮ್ ಒಂದು ಗಳಿಗೆ ತಡವರಿಸಿ ಕೊಟ್ಟ, ಬರಿಗೈಯಲ್ಲಿ ಕುಳಿತ.

ಕೋಣೆಯಲ್ಲಿ ಹಿಲ್ಡಾ ದೀಪದ ಕೆಳಗೆ ತಂತಿ ಹಿಡಿದು ನೋಡಿದಳು. ತುದಿ ಅರ್ಧ ಒರಟು, ಇನ್ನರ್ಧ ನುಣ್ಣಗೆ ಹೊಳೆಯುತ್ತಿತ್ತು. ಅರ ಹಾಕಿ ಉಜ್ಜಿದ್ದು. ಇಡೀ ವೃಂದದಲ್ಲಿ ಸಣ್ಣ ಅರ ಇಟ್ಟುಕೊಂಡವನು ಒಬ್ಬನೇ, ಎಲ್ಲರ ಪಿಟೀಲೂ ರಿಪೇರಿ ಮಾಡುವ ಕ್ಲೆಮ್. ಅವಳಿಗೆ ಅಳು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಸುಸ್ತಿಗೆ.

ಹೊಸ ತಂತಿ ಕಟ್ಟಿ, ಮೊದಲ ಭಾಗ ಮುಗಿದಾಗ ವೇದಿಕೆಯ ಅಂಚಿಗೆ ಬಂದು ಪಿಟೀಲು ಚಾಚಿದಳು. ವೆರೆಶ್ ಬೇಡವೆಂದು ತಲೆಯಾಡಿಸಿದ. ಹೊಸ ತಂತಿ ಶ್ರುತಿ ನಿಲ್ಲುವುದಿಲ್ಲ, ಅದಕ್ಕೇ ಇರಬೇಕು ಎಂದುಕೊಂಡಳು. ಅವನು ಕ್ಲೆಮ್‌ನ ಪಿಟೀಲಿನಲ್ಲೇ ನಿಧಾನದ ಭಾಗ ಎತ್ತಿಕೊಂಡ. ಇಷ್ಟು ಹೊತ್ತೂ ಕೆಮ್ಮುತ್ತಿದ್ದ ಸಭೆ ಕೆಮ್ಮುವುದನ್ನು ಮರೆಯಿತು. ಅದೇ ಮನುಷ್ಯ, ದಣಿವು ಮಾತ್ರ ಎಲ್ಲಿ ಹೋಯಿತೋ. ಕ್ಲೆಮ್ ತಲೆ ಬಗ್ಗಿಸಿ ಮಂಡಿ ನೋಡುತ್ತಿದ್ದ.

ಕೊನೆಗೆ ಜನ ಎದ್ದು ನಿಂತರು. ಮಿಸೆಸ್ ಆಗ್ಡನ್ ಕಣ್ಣೊರೆಸಿಕೊಳ್ಳುತ್ತ ಬಂದು, "ಮುಂದಿನ ವರ್ಷಕ್ಕೂ ಹಾಲ್ ಹಿಡಿದಿಡು ಹಿಲ್ಡಾ" ಎಂದಳು. ವೃಂದ ಉಳಿಯಿತು. ಆದರೆ ಉಳಿಸಿಕೊಂಡದ್ದರಲ್ಲಿ ಕ್ಲೆಮ್ ಇರುವಂತಿರಲಿಲ್ಲ. ಹಿಲ್ಡಾ ಅವನನ್ನು ಕೋಣೆಗೆ ಕರೆದು ತಂತಿ ಮುಂದಿಟ್ಟಳು.

"ಹೊಟ್ಟೆಕಿಚ್ಚಿಗೆ ಮಾಡಿದೆಯೋ, ನಿನ್ನ ಪಿಟೀಲು ಜನ ಕೇಳ್ಲಿ ಅಂತ ಮಾಡಿದೆಯೋ, ನಂಗೆ ಬೇಡ. ನಾಳೆ ರಾಜೀನಾಮೆ ಕೊಡು. ನಾನು ಯಾರಿಗೂ ಹೇಳಲ್ಲ."

ಕ್ಲೆಮ್ ತಂತಿಯ ತುದಿಯನ್ನು ಬೆರಳಲ್ಲಿ ಸವರಿದ. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ಅಂದ:

"ಆಯ್ತು ಬಿಡು, ಕೊಡ್ತೀನಿ. ಇವತ್ತು ನನ್ನ ಪಿಟೀಲು ಕೇಳಿದೆನಲ್ಲ, ಸಾಕು. ಬ್ಯಾಂಕಿಗೆ ಮಾತ್ರ ಈ ವಿಷ್ಯ ಬರೀಬೇಡ."

ಬಾಗಿಲಲ್ಲಿ ವೆರೆಶ್ ನಿಂತಿದ್ದ. ಕ್ಲೆಮ್‌ನ ಪಿಟೀಲು ಇನ್ನೂ ಅವನ ಎದೆಗೊತ್ತಿಕೊಂಡೇ ಇತ್ತು.

"ಅವರನ್ನ ಯಾಕೆ ಬೈತೀರಿ ಮೇಡಂ? ತಂತಿ ಹರಿದ್ರೆ ಮಾತ್ರ ನಾನು ಬೇರೆ ಪಿಟೀಲು ಮುಟ್ಟಬಹುದು ಅಂತ ಬ್ಯಾಂಕಿನ ಪತ್ರದ ಐದನೇ ಪುಟದಲ್ಲಿದೆ, ಅದಕ್ಕೇ ಮಧ್ಯಾಹ್ನ ಇವರ ಹತ್ರ ಅರ ತರಿಸಿಕೊಂಡು ನಾನೇ ಕೂತು ಉಜ್ಜಿದೆ."