ಸೇತುವೆ ಹಿಡಿದ ಗುರುತು

ಮೇಲೆ ನಡೆದು ಹೋಗುವ ಕಾವಲುಗಾರನ ನಡಿಗೆಯ ಗುರುತು ಹತ್ತಿದರಷ್ಟೇ ಮಲಪ್ರಭಾ ಸೇತುವೆ ರೈಲನ್ನು ಬಿಡುತ್ತದೆ. ಎಲ್ಲ ದೇಶಗಳೂ ಕೂಡಿ ಮಾಡಿದ ಕಾಯ್ದೆ ಅದು. ಗುರುತು ಸಿಗದೆ ಒಂದೇ ದಿನ ಮೂರು ಸಲ ಕೆಂಪು ದೀಪ ಹತ್ತಿದರೆ ಸೇತುವೆಗೆ ತಿಂಗಳುಗಟ್ಟಲೆ ಬೀಗ.

ಇಪ್ಪತ್ತೈದು ವರ್ಷ ಎಡಗಾಲು ಎಳೆಯುತ್ತ ಅದನ್ನು ಕಾಯ್ದ ದುರ್ಗಪ್ಪ, ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಇಂದು ನೆಟ್ಟಗೆ ನಡೆದ. ಕೆಂಪು ಹತ್ತಿತು. ಬೇಕೆಂದೇ ಕುಂಟಿ ನೋಡಿದ. ಮತ್ತೆ ಕೆಂಪು. ಆಚೆ ದಂಡೆಯಲ್ಲಿ ಪ್ಯಾಸೆಂಜರ್ ರೈಲು ಕೂಗುತ್ತಿತ್ತು.

"ನನ್ನ ಮರತಬಿಟ್ಟೈತಿ ನೋಡವಾ," ಎಂದು ಹಳಿಯ ಪಕ್ಕ ಕುಸಿದು ಕೂತ.

ಬುತ್ತಿ ತಂದಿದ್ದ ಮಗಳು ಹುಲಿಗೆವ್ವ ಗಂಟನ್ನು ಅವನ ತೊಡೆಯ ಮೇಲಿಟ್ಟು ಹಳಿ ತಟ್ಟಿ ನೋಡುವ ಅವನ ಸುತ್ತಿಗೆ ಎತ್ತಿಕೊಂಡಳು. "ನೀ ಉಣ್ಣಪ್ಪಾ, ನಾ ಹೊಕ್ಕೀನಿ."

"ಹುಚ್ಚಿ! ನಿನ್ನ ಹೆಜ್ಜಿ ಅದಕ್ಕ ಗೊತ್ತಿಲ್ಲ."

"ನಿನಗೂ ಗೊತ್ತಿಲ್ಲ. ಯಾವಾಗ್ಲೂ ಮುಂದ ಮುಂದ ಹೋಗಾಂವ ನೀ."

ಮಗಳು ನಡೆಯುವುದನ್ನು ದುರ್ಗಪ್ಪ ಮೊದಲ ಸಲ ಹಿಂದಿನಿಂದ ನೋಡಿದ. ಎರಡೂ ಕಾಲು ಗಟ್ಟಿ ಇದ್ದವಳು ಎಡಗಾಲನ್ನು ಎಳೆಯುತ್ತಿದ್ದಳು. ಅವನ ಬೆರಳು ಹಿಡಿದೇ ಅವಳು ನಡೆಯಲು ಕಲಿತದ್ದು.

ನಡುಸೇತುವೆಯಲ್ಲಿ ಹಸಿರು ಹತ್ತಿತು.