ಬಲಪುಟದ ಓದು

ಅಜ್ಜಿ ಬಲಪುಟದ ಮೇಲೆ ಬೆರಳಿಟ್ಟು, ಓದುತ್ತಿದ್ದ ಮೊಮ್ಮಗಳನ್ನು ತಡೆದರು. "ಸ್ವಲ್ಪ ನಿಲ್ಲು ಪುಟ್ಟಿ. ಆಮೆ ಎಲ್ಲಿದೆ ಇದ್ರಲ್ಲಿ?" ಮೊಮ್ಮಗಳು ಚಿತ್ರ ತೋರಿಸಿದಳು. "ಚಿತ್ರದಲ್ಲಲ್ಲ, ಅಕ್ಷರದಲ್ಲಿ."

ಮೇಜಿನಾಚೆ ಕೂತಿದ್ದ ಟೀಚರ್ ಮುಗುಳ್ನಕ್ಕರು. ಎಡಪುಟದಲ್ಲಿ ಶಾಲೆಯ ಭಾಷೆ, ಬಲಪುಟದಲ್ಲಿ ಮಕ್ಕಳ ಮನೆಮಾತು. ಆಮೆ ಕೆರೆ ದಾಟುವ ಈ ಕಥೆಪುಸ್ತಕವನ್ನು ಹಟ ಹಿಡಿದು ಅಚ್ಚು ಹಾಕಿಸಿದವರು ಅವರೇ. ಬಲಪುಟದ ಲಿಪಿ ಅವರಿಗೆ ಬಾರದು. ಆದರೂ ಪ್ರತಿ ಸೋಮವಾರ ಅದನ್ನು ಓದಿಸಿ, ಕಿವಿಗೊಟ್ಟು ಕೇಳಿ, ಈ ಹುಡುಗಿಯ ಹೆಸರಿನ ಮುಂದೆ 'ನಿರರ್ಗಳ' ಎಂದು ಬರೆಯುತ್ತ ಬಂದಿದ್ದರು. ಅವಳನ್ನು ಮುಂದಿನ ತರಗತಿಗೆ ಕಳಿಸಲು ಇನ್ನು ಅಜ್ಜಿಯ ಸಹಿಯೊಂದೇ ಬಾಕಿ.

ಅಜ್ಜಿ ಕನ್ನಡಕ ಏರಿಸಿ ತಾವೇ ಓದಿಕೊಂಡರು. "ಟೀಚರಮ್ಮ, ಇಲ್ಲಿ 'ಬಟ್ಟೆ ಒಗೆಯೋ ಮೆಷಿನ್ನಿಗೆ ನೀರಿನ ಪೈಪು ಬಿಗಿಯಾಗಿ ಸಿಕ್ಕಿಸಿ' ಅಂತಿದೆ. ಮುಂದಿನ ಪುಟದಲ್ಲಿ ಸೋಪಿನ ಪುಡಿ ಎಷ್ಟು ಹಾಕ್ಬೇಕು ಅಂತ. ಆಮೇನೂ ಇಲ್ಲ, ಕೆರೇನೂ ಇಲ್ಲ."

ಟೀಚರಿಗೆ ಈಗ ಅರ್ಥವಾಯಿತು. ಪುಟದ ಅಳತೆ ನೋಡಲೆಂದು ಮುದ್ರಣದವನು ಯಾವುದೋ ಕೈಪಿಡಿಯ ಸಾಲುಗಳನ್ನು ತುಂಬಿ, ಕಥೆ ಹಾಕುವುದನ್ನೇ ಮರೆತಿದ್ದ. ಅದು ಅವನ ತಪ್ಪು, ಸರಿ. ಆದರೆ ಇಪ್ಪತ್ತೆರಡು ಮಕ್ಕಳು ವರ್ಷವಿಡೀ ಬಟ್ಟೆ ಒಗೆಯುವ ಮೆಷಿನ್ನಿನ ಸಾಲುಗಳ ಮೇಲೆ ಬೆರಳಾಡಿಸುತ್ತ, ಎಡಪುಟ ಓದುವಾಗ ಕೇಳಿದ ಆಮೆಯನ್ನು ಬಾಯಿಪಾಠದಲ್ಲೇ ಕೆರೆ ದಾಟಿಸಿದ್ದರು.

"ಒಂದಕ್ಷರಾನೂ ಬರಲ್ವೇನೆ ನಿಂಗೆ?" ಅಜ್ಜಿಯ ದನಿ ಇಳಿದಿತ್ತು.

ಹುಡುಗಿ ಟೀಚರ್ ಕಡೆ ನೋಡಿದಳು. "ಮೊದಲನೇ ಸಲಾನೇ ಬರಲ್ಲ ಅಂತ ಹೇಳೋಣ ಅಂತಿದ್ದೆ ಅಜ್ಜಿ. ಅಷ್ಟರಲ್ಲಿ ಟೀಚರ್ ತಲೆಯಾಡಿಸಿ ಶಭಾಷ್ ಅಂದ್ಬಿಟ್ರು."